ಗೋರಿ ಒಂದೇ ಥರ ಇದ್ದರೆ ಜನ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಉತ್ತರ ಯುರೋಪಿನ ಎಸ್ಟೋನಿಯಾ ದೇಶದ ಯೊಯೆಲಾಹ್ಟ್ಮೆ ಎಂಬಲ್ಲಿನ ಕಲ್ಲುಗೋರಿಗಳ ಚಿತ್ರವನ್ನು ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಗೋರಿಗಳ ಜೊತೆ ಇಟ್ಟು, ಎರಡನ್ನೂ ಕಟ್ಟಿದ್ದು ಒಂದೇ ಬುಡಕಟ್ಟು ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡು ಕಡೆಯೂ ಸುತ್ತ ಕಲ್ಲಿನ ಬಳೆ, ನಡುವೆ ಚಪ್ಪಡಿಯ ಪೆಟ್ಟಿಗೆ ಇರುವುದು ನಿಜ. ಹೋಲಿಕೆ ಅಷ್ಟಕ್ಕೇ ಮುಗಿಯುತ್ತದೆ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಬ್ರಹ್ಮಗಿರಿಯ ಗೋರಿಗಳಲ್ಲಿ ನಾಲ್ಕು ಗ್ರಾನೈಟ್ ಚಪ್ಪಡಿಗಳು ಸ್ವಸ್ತಿಕದಂತೆ, ಒಂದರ ತುದಿ ಇನ್ನೊಂದಕ್ಕೆ ಒತ್ತು ಕೊಟ್ಟು ನಿಂತಿವೆ. ಹೊರಗಿನ ಮಣ್ಣು ಎಷ್ಟು ನೂಕಿದರೂ ಒಳಕ್ಕೆ ಕುಸಿಯದಿರಲು ಈ ಜೋಡಣೆ. ಪೂರ್ವದ ಚಪ್ಪಡಿಯಲ್ಲಿ ದುಂಡು ಕಿಂಡಿ. ಒಳಗೆ ಬೇರೆಡೆಯಿಂದ ಆಯ್ದು ತಂದ ಹಲವರ ಮೂಳೆ, ಮಡಕೆ, ಕಬ್ಬಿಣದ ಉಪಕರಣ. ಯೊಯೆಲಾಹ್ಟ್ಮೆಯದು ಕಂಚಿನ ಯುಗದ ಕೊನೆಯ ಕಾಲದ್ದು. ಸುಣ್ಣಕಲ್ಲಿನ ಪೆಟ್ಟಿಗೆ ಉತ್ತರ–ದಕ್ಷಿಣವಾಗಿದೆ, ಶವವನ್ನು ಉತ್ತರಕ್ಕೆ ತಲೆ ಮಾಡಿ ಮಲಗಿಸಿದ್ದಾರೆ. ಕಿಂಡಿಯಿಲ್ಲ, ಕಬ್ಬಿಣವಿಲ್ಲ, ಸಿಕ್ಕಿದ್ದು ಕಂಚಿನ ಕೆಲವು ಸಣ್ಣ ವಸ್ತು.

ಅಷ್ಟೇ ಅಲ್ಲ, ಯೊಯೆಲಾಹ್ಟ್ಮೆಯ ಗೋರಿಗಳವರನ್ನೇ ಇಂದಿನ ಎಸ್ಟೋನಿಯನ್ನರ ಏಕೈಕ ಪೂರ್ವಜರೆಂದು ಹೇಳಲೂ ಬರುವುದಿಲ್ಲ. ಅದೇ ದೇಶದ ಪ್ಯಾರ್ನು ನದಿ ದಡದ ಪುಲ್ಲಿಯಲ್ಲಿ ಸುಮಾರು 11,000 ವರ್ಷಗಳ ಹಿಂದೆಯೇ ಬೇಟೆಗಾರರಿದ್ದರು. ಆಮೇಲೆ ಮಡಕೆ ಮಾಡುವವರು, ಬೇಸಾಯ ತಂದವರು ಸೇರುತ್ತಾ ಹೋದರು. 2019ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ, ಪೂರ್ವದ ಸೈಬೀರಿಯಾ ಕಡೆಯ ವಂಶದ ಗುರುತು ಕಂಚಿನ ಯುಗದ ಕಲ್ಲುಪೆಟ್ಟಿಗೆಯವರಲ್ಲಿ ಸಿಗಲಿಲ್ಲ. ಆಮೇಲಿನ ಕಬ್ಬಿಣದ ಯುಗದಲ್ಲಿ, ಚೌಕಟ್ಟುಗಳನ್ನು ಸಾಲಾಗಿ ಜೋಡಿಸಿದ ‘ತರಂದ್’ ಗೋರಿಗಳವರಲ್ಲಿ ಸಿಕ್ಕಿತು. ಎಸ್ಟೋನಿಯನ್ ಭಾಷೆ ಸೇರಿದ ಫಿನ್ನೋ-ಉಗ್ರಿಕ್ ಭಾಷಾ ಕುಟುಂಬ ಅಲ್ಲಿಗೆ ಬಂದದ್ದನ್ನು ಹಲವು ವಿದ್ವಾಂಸರು ಇದಕ್ಕೇ ಜೋಡಿಸುತ್ತಾರೆ. ಒಂದೇ ನಾಡಿನೊಳಗೇ ಗೋರಿಯ ಬಗೆ ಬದಲಾದಾಗ ಹೊಸ ಜನರೂ ಬಂದು ಸೇರಿರುವಾಗ, ಸಾವಿರಾರು ಮೈಲಿ ಆಚೆಗೆ ನಂಟು ಬೆಸೆಯುವುದು ಹೇಗೆ?

ಹಳೆಯ ಗೋರಿಯ ಬಗ್ಗೆ ಏನನ್ನಾದರೂ ಹೇಳಬೇಕಾದರೆ ಪೆಟ್ಟಿಗೆಯ ದಿಕ್ಕು, ಕಿಂಡಿ ಇದೆಯೋ ಇಲ್ಲವೋ, ಮೂಳೆ ಇಟ್ಟ ರೀತಿ, ಸಿಕ್ಕ ಲೋಹ ಇಷ್ಟನ್ನು ನೋಡಲೇಬೇಕು. ಕಲ್ಲು ಅಲುಗಿದರೆ ದಿಕ್ಕು ಹೋಯಿತು, ಮಣ್ಣು ಕದಡಿದರೆ ಕಾಲ ತಿಳಿಯುವುದು ಕಷ್ಟ. ಯೊಯೆಲಾಹ್ಟ್ಮೆಯಲ್ಲಿ ಹೆದ್ದಾರಿ ಅಗಲಿಸುವ ಮುನ್ನ, 1982–84ರಲ್ಲಿ, 36 ಗೋರಿಗಳನ್ನು ಅಗೆದು ದಾಖಲಿಸಿ, ಕಲ್ಲುಗಳನ್ನು ಪಕ್ಕದಲ್ಲೇ ಮತ್ತೆ ಜೋಡಿಸಿದರು. ಬ್ರಹ್ಮಗಿರಿ ಸುತ್ತಿನ ರೈತರಲ್ಲಿ ನಮ್ಮ ವಿನಂತಿ: ಬದು ಹಾಕಲು ಈ ಚಪ್ಪಡಿಗಳನ್ನು ಎತ್ತಬೇಡಿ. ಉಳುವಾಗ ಕಲ್ಲಿನ ಬಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಪುರಾತತ್ವ ಇಲಾಖೆಗೆ ತಿಳಿಸಿ.

— ಇತಿಹಾಸಾಸಕ್ತರ ಬಳಗ, ಚಿತ್ರದುರ್ಗ