ಅತ್ತಿಗೆಗೆ ಬಿದ್ದ 92

ಮಾನ್ಯರೇ,

ಉದ್ಯೋಗ ಸಮೀಕ್ಷೆಯವರು ಮೊನ್ನೆ ಮನೆಗೆ ಬಂದಿದ್ದರು. ‘ಹೆಂಗಸರು ಕೆಲಸ ಮಾಡ್ತಾರಾ?’ ಎಂದರೆ ಅಣ್ಣ, ಬಲೆಯಿಂದ ತಲೆಯೆತ್ತದೆ, ‘ಇಲ್ಲ, ಮನೇಲೇ ಇರ್ತಾಳೆ’ ಅಂದ. ಅತ್ತಿಗೆ ಆಗ ಅಂಗಳದಲ್ಲಿ ರವಿವಾರದ ಸಂತೆಗೆಂದು ಬಂಗುಡೆಗೆ ಉಪ್ಪು ಸವರುತ್ತಿದ್ದರು!

ಕಾರ್ಮಿಕ ಬಲ ಸಮೀಕ್ಷೆ ಎಂಬ ಈ ಸಮೀಕ್ಷೆಯ ನಿಯಮದಂತೆ, ಹಿಂದಿನ 7 ದಿನಗಳಲ್ಲಿ ಒಂದು ದಿನ 1 ಗಂಟೆ ದುಡಿದಿದ್ದರೂ ವಾರದ ಲೆಕ್ಕದಲ್ಲಿ ಉದ್ಯೋಗಸ್ಥರೇ. ಸಂಬಳವಿಲ್ಲದೆ ಮನೆಯ ಕಸುಬಿಗೆ ಕೈಜೋಡಿಸುವವರಿಗೆ 21 ಎಂಬ ಸಂಕೇತವೇ ಇದೆ. ಅತ್ತಿಗೆಗೆ ಬಿದ್ದದ್ದು 92, ಅಂದರೆ ಬರೀ ಮನೆವಾರ್ತೆ. ತಪ್ಪು ಅಣ್ಣನದೇ ಅನ್ನಿ. ಆದರೆ ನಮ್ಮ ಕಡೆ ‘ಕೆಲಸ’ ಎಂದರೆ ಸಂಬಳದ್ದು ಅಂತಲೇ ಅರ್ಥ. 2025ರಿಂದ ಈ ಸಮೀಕ್ಷೆಯ ಅಂಕಿಅಂಶ ತಿಂಗಳು ತಿಂಗಳೂ ಬರುತ್ತಿದೆ. ‘ಮೀನು ಒಣಗಿಸ್ತೀರಾ, ಮಾರ್ತೀರಾ?’ ಎಂದು ಹೆಂಗಸರನ್ನೇ ಕೇಳಿ ಬರೆದುಕೊಳ್ಳಲಿ.

– ಓದುಗ, ಬೈತಖೋಲ, ಕಾರವಾರ