ಅಳುಕಿಗೆ ತಕ್ಕ ಗುಣವಾಚಕ

ಮೂಡಿಗೆರೆ

ಚಿ. ಕು. ಸಿಂಚನಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆಲಸದ ಅರ್ಜಿಗೆಂದು ನೀನು ಇಂಗ್ಲಿಷಿನಲ್ಲಿ ಬರೆದ ಕರಡನ್ನು ಓದಿದೆ. ಬರವಣಿಗೆ ಒಟ್ಟಿನಲ್ಲಿ ಅಚ್ಚುಕಟ್ಟಾಗಿದೆ. ಆದರೆ ಮನಸ್ಸಿನ ಅಳುಕನ್ನು ಹೇಳಬೇಕಾದ ಕಡೆಯಲ್ಲೆಲ್ಲ ‘ಟೆನ್ಸ್ಡ್’ ಎಂದೇ ಬರೆದಿದ್ದೀಯೆ. ‘ಟೆನ್ಷನ್ ಆಗಿದೆ’ ಎಂಬುದು ನಮ್ಮ ಮನೆಮಾತೇ ಆಗಿಬಿಟ್ಟಿರುವುದರಿಂದ ಆ ರೂಪ ತಾನಾಗಿ ನುಸುಳುತ್ತದೆ. ಮನಸ್ಥಿತಿಗೆ ಸಲ್ಲುವ ಗುಣವಾಚಕ ‘ಟೆನ್ಸ್’. ‘ಟೆನ್ಸ್ಡ್’ ಎಂಬುದು ಮೈಯನ್ನು ಬಿಗಿಹಿಡಿದದ್ದನ್ನು ಹೇಳುವ ಕ್ರಿಯಾರೂಪ.

ಸಂದರ್ಶನದ ಕೋಣೆಯ ಹೊರಗೆ ಕುಳಿತಾಗ ಎದೆ ಹೊಡೆದುಕೊಳ್ಳುವುದಕ್ಕೆ ‘ನರ್ವಸ್’ ಒಪ್ಪುತ್ತದೆ, ಏಕೆಂದರೆ ಅದು ಸಾಮಾನ್ಯವಾಗಿ ಎದುರಿಗೇ ಇರುವ ಗಳಿಗೆಯ ಪುಕ್ಕಲು. ಶತಕದ ಹೊಸ್ತಿಲಲ್ಲಿ ಬ್ಯಾಟ್ಸ್‌ಮನ್ ತಡವರಿಸುವುದನ್ನು ‘ನರ್ವಸ್ ನೈಂಟೀಸ್’ ಎನ್ನುವುದೂ ಹಾಗೆಯೇ. ‘ಆಂಕ್ಷಸ್’ ಇದಕ್ಕಿಂತ ಆಳದ್ದು. ಕತ್ತು ಹಿಸುಕುವುದೆಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಈ ಪದ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದೆ ಮಾರ್ಚ್ ಕಳೆಯುವಾಗ ನಮ್ಮ ಕಾಫಿ ಬೆಳೆಗಾರರನ್ನು ದಿನಗಟ್ಟಲೆ ಕಾಡುವ ಕಳವಳಕ್ಕೆ ತಕ್ಕದ್ದು. ಆದರೆ ಅದರ ಬೆನ್ನಿಗೆ ‘ಅಬೌಟ್’ ಬಂದರೆ ಕಳವಳವೆಂದೂ, ‘ಟು’ ಬಂದರೆ ಬಹುಮಟ್ಟಿಗೆ ಕಾತರವೆಂದೂ ಅರ್ಥವಾಗುತ್ತದೆ. ಈ ಎರಡನೆಯ ಬಳಕೆ 18ನೆಯ ಶತಮಾನದಿಂದ ನಡೆದುಬಂದಿದ್ದರೂ ಅದನ್ನು ಆಕ್ಷೇಪಿಸುವ ಕಟ್ಟುನಿಟ್ಟಿನ ಓದುಗರು ಈಗಲೂ ಇದ್ದಾರೆ. ಅಂಥವರೊಬ್ಬರ ಮೇಜಿಗೇ ನಿನ್ನ ಅರ್ಜಿ ಹೋದೀತು. ಅಲ್ಲಿ ‘ಈಗರ್’ ಎಂದು ಬರೆಯುವುದು ಕ್ಷೇಮ.

‘ಅಪ್ರಿಹೆನ್ಸಿವ್’ ಮುಂದೆ ಆಗಬಹುದಾದ ಕೇಡಿನ ಶಂಕೆ. ಸಕಲೇಶಪುರದ ಕಡೆ ಆನೆಗಳು ತೋಟಕ್ಕಿಳಿದಾವೆಂಬ ಭಯವನ್ನು ಪತ್ರಿಕಾ ವರದಿಯಲ್ಲಿ ಹೀಗೆ ಬರೆದರೆ ಗಾಂಭೀರ್ಯ ಇರುತ್ತದೆ, ಗೆಳತಿಗೆ ಕಳುಹಿಸುವ ವಾಟ್ಸಾಪ್ ಸಂದೇಶದಲ್ಲಿ ಬರೆದರೆ ನಗೆ ಬರುತ್ತದೆ. ‘ಜಿಟರಿ’ ಇದಕ್ಕೆ ತದ್ವಿರುದ್ಧ, ಸಲುಗೆಯ ಪದ. ಕಾಫಿ ಹೆಚ್ಚಾಗಿ ಕೈ ನಡುಗುವುದಕ್ಕೂ ಅದನ್ನೇ ಬಳಸುವುದರಿಂದ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ. ‘ನರ್ವಿ’ಯನ್ನು ಮಾತ್ರ ಮುಟ್ಟಬೇಡ: ಬ್ರಿಟನ್ನಿನಲ್ಲಿ ಅದು ಅಳುಕುವವನನ್ನು, ಅಮೆರಿಕದಲ್ಲಿ ಭಂಡಧೈರ್ಯದವನನ್ನು ಸೂಚಿಸುತ್ತದೆ.

ಇನ್ನೊಂದು ಮಾತು. ಗುಣವಾಚಕದ ಮುಂದೆ ‘ವೆರಿ’ಯನ್ನು ಪೇರಿಸಿದರೆ ಅಳುಕಿನ ತೂಕ ಹೆಚ್ಚುವುದಿಲ್ಲ, ಕಾರಣವನ್ನು ಹೇಳಿದರೆ ಹೆಚ್ಚುತ್ತದೆ. ಹೊಸ ಯಂತ್ರವನ್ನು ಒಬ್ಬಳೇ ನಡೆಸಬೇಕಾಗಿ ಬಂದಾಗ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮುಗಿಸಿದೆನೆಂದು ನೀನೇ ಮೂರನೆಯ ಪ್ಯಾರಾದಲ್ಲಿ ಬರೆದಿರುವೆ. ಆ ವಾಕ್ಯವನ್ನು ಮೊದಲ ಪ್ಯಾರಾಕ್ಕೆ ತಂದು, ಅಲ್ಲಿರುವ ‘ವೆರಿ ಟೆನ್ಸ್ಡ್’ ಅನ್ನು ಪೂರ್ತಿ ತೆಗೆದುಹಾಕು. ತಿದ್ದಿದ ಪ್ರತಿಯನ್ನು ಕಳುಹಿಸಿದರೆ ಮತ್ತೊಮ್ಮೆ ನೋಡಿಕೊಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ