ಕಥೆಯನ್ನು ಕಥೆ ಎಂದೇ ಹೇಳಲಿ

ಮಾನ್ಯ ಸಂಪಾದಕರೇ,

ಆರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗ ಕಳೆದ ವಾರ ಎರಡು ರಾತ್ರಿ ದೀಪ ಆರಿಸಲು ಬಿಡಲಿಲ್ಲ. ‘ಸ್ಪಾಂಜ್‌ಬಾಬ್’ ಕಾರ್ಟೂನಿನಲ್ಲಿ ಪ್ರಸಾರ ಮಾಡದೆ ಮುಚ್ಚಿಟ್ಟ ಸಂಚಿಕೆಯೊಂದಿದೆ ಎನ್ನುವ ವಿಡಿಯೊವನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ಅದರಲ್ಲಿ ಸ್ಕ್ವಿಡ್‌ವರ್ಡ್ ಎಂಬ ಪಾತ್ರ ಕಣ್ಣು ಕೆಂಪಗೆ ಮಾಡಿಕೊಂಡು ಹಾಸಿಗೆಯ ಮೇಲೆ ಕೂತು ಅಳುತ್ತದಂತೆ, ಹಿಂದಿನಿಂದ ಕಾಡಿನಲ್ಲಿ ಗಾಳಿ ಬೀಸುವಂಥ ಸದ್ದು ಏರುತ್ತಾ ಹೋಗುತ್ತದಂತೆ. ವಿಡಿಯೊ ಮಾಡಿದವರು ಇದನ್ನು ‘ನಿಜವಾಗಿ ನಡೆದ ಘಟನೆ’ ಎಂದು ಹೇಳಿದ್ದಾರೆ. ನನ್ನ ಆಕ್ಷೇಪ ಈ ಮಾತಿಗೆ ಮಾತ್ರ.

ಅಂಥ ಸಂಚಿಕೆ ಇರಲೇ ಇಲ್ಲ. ಹೆಸರು ಹೇಳದ ಯಾರೋ ಸುಮಾರು 2010ರ ಹೊತ್ತಿಗೆ ಇಂಗ್ಲಿಷಿನಲ್ಲಿ ಬರೆದು ಹರಿಬಿಟ್ಟ ಭಯದ ಕಥೆ ಅದು. ಸ್ಟುಡಿಯೊಕ್ಕೆ ತರಬೇತಿಗೆ ಬಂದ ಹುಡುಗನೊಬ್ಬ, ಹೊಸ ಸಂಚಿಕೆಯೆಂದು ಹಾಕಿದ ಟೇಪು, ಬೇರೆಯೇ ಆದ ಶೀರ್ಷಿಕೆ, ರೆಪ್ಪೆ ಬಡಿಯುವಷ್ಟರಲ್ಲಿ ಮಿಂಚಿ ಮಾಯವಾಗುವ ಫೋಟೊ: ಇದೇ ಅಚ್ಚಿನಲ್ಲಿ ಮಿಕಿ ಮೌಸ್‌ನ ಮೇಲೂ ಬಾರ್ಟ್ ಸಿಂಪ್ಸನ್‌ನ ಮೇಲೂ ಕಥೆಗಳು ಹುಟ್ಟಿವೆ. ಸಂಚಿಕೆ ಕಳೆದುಹೋಗಿದೆ ಎಂದುಬಿಟ್ಟರೆ ಸಾಕ್ಷಿ ಕೇಳುವಂತಿಲ್ಲ, ಸುಳ್ಳೆಂದು ತೋರಿಸುವಂತೆಯೂ ಇಲ್ಲ. ಕಥೆ ಕಟ್ಟುವ ಕಲೆಯಾಗಿ ಇದನ್ನು ನಾನು ಮೆಚ್ಚುತ್ತೇನೆ. 2009ರಲ್ಲಿ ಕ್ರಿಸ್ ಸ್ಟ್ರಾಬ್ ಅವರು, ಬಾಲ್ಯದಲ್ಲಿ ನೋಡಿದ ಗೊಂಬೆ ಕಾರ್ಯಕ್ರಮವನ್ನು ನೆನೆಯುವವರ ಕುರಿತ ‘ಕ್ಯಾಂಡಲ್ ಕೋವ್’ ಕಥೆಯನ್ನು ತಮ್ಮ ಹೆಸರಿನಲ್ಲೇ ಪ್ರಕಟಿಸಿದರು. ಕಥೆಯೆಂದು ಗೊತ್ತಿದ್ದೇ ಓದಿದ ನನಗೂ ಮೈ ಜುಮ್ಮೆಂದಿತು. ಹೆದರಿಸಲು ಸುಳ್ಳು ಹೇಳಲೇಬೇಕೆಂದಿಲ್ಲ.

ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಲಗಿದ ಜನ ನಾವು, ಮಗುವಿನ ಅಂಜಿಕೆಯನ್ನು ಗದರಿ ತಳ್ಳಿಹಾಕುವಂತಿಲ್ಲ. ಅದೂ ಅಲ್ಲದೆ, ನಂಬಲು ಕಾರಣವೂ ಇದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ‘ಪೋಕೆಮಾನ್’ ಸಂಚಿಕೆಯೊಂದರಲ್ಲಿ ಕೆಂಪು, ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದ್ದರಿಂದ 600ಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ಸೆಳೆತ, ತಲೆಸುತ್ತು, ವಾಂತಿಯೆಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ಧಾರಾವಾಹಿ ನಾಲ್ಕು ತಿಂಗಳು ನಿಂತಿತು, ಆ ಸಂಚಿಕೆ ಮತ್ತೆಂದೂ ಪ್ರಸಾರವಾಗಲಿಲ್ಲ. ಅಮೆರಿಕದ ‘ಸೆಸಮೆ ಸ್ಟ್ರೀಟ್’ ಕೂಡ 1976ರಲ್ಲಿ ಮಕ್ಕಳು ಹೆದರುತ್ತಾರೆಂದು ಪೋಷಕರು ದೂರಿದ ಮೇಲೆ ಮಾಟಗಾತಿಯ ಸಂಚಿಕೆಯೊಂದನ್ನು ಮತ್ತೆ ತೋರಿಸಲಿಲ್ಲ. 2022ರಲ್ಲಿ ಅದು ಅಂತರ್ಜಾಲದಲ್ಲಿ ಕಾಣಿಸಿಕೊಂಡಾಗ ನೋಡಿದರೆ, ಹಾರುವಾಗ ಪೊರಕೆ ಬೀಳಿಸಿಕೊಂಡವಳು ಅದನ್ನು ಮರಳಿ ಪಡೆಯಲು ಪಡುವ ಪಾಡು, ಅಷ್ಟೇ.

ಮೂರನೆಯ ರಾತ್ರಿ ಮೊಮ್ಮಗನಿಗೆ ಇವೆರಡನ್ನೂ ಹೇಳಿದೆ. ಪೊರಕೆ ಕೊನೆಗೂ ಸಿಕ್ಕಿತೇ ಎಂದು ಕೇಳಿ, ದೀಪವನ್ನು ತಾನೇ ಆರಿಸಿದ. ಕನ್ನಡದಲ್ಲಿ ಇಂಥ ವಿಡಿಯೊ ಮಾಡುವವರು ಇದು ಕಥೆ ಎಂದು ಆರಂಭದಲ್ಲೇ ತಿಳಿಸಬೇಕು. ತಾವೂ ಮಕ್ಕಳ ಪುಟದಲ್ಲಿ, ನಿಜಕ್ಕೂ ಕಳೆದುಹೋಗಿ ಮತ್ತೆ ಸಿಕ್ಕ ಸಂಚಿಕೆಗಳ ಕುರಿತು ಬರೆಸಬೇಕೆಂದು ಕೋರುತ್ತೇನೆ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಧಾರವಾಡ